ಎಂಟು ತಿಂಗಳ ನಿವೃತ್ತಿ

ಇಂಗ್ಲೆಂಡಿನ ಡರ್ಬಿಯ ಅಕೌಂಟೆಂಟ್ ಮೋರೀನ್‌ಗೆ ತನ್ನ ಗಿರಾಕಿ ಡೆಸ್ಮಂಡ್ ಗಾರ್ಸೈಡನ ಮುಖ ಕಂಡರೇ ಮೈ ಉರಿಯುತ್ತಿತ್ತು. ಒಂದು ಕಾರ್ಖಾನೆಗೆ ಗುತ್ತಿಗೆಯ ಮೇಲೆ ನಕ್ಷೆ ಬರೆಯುತ್ತಿದ್ದ ಈ ಮಹಾನುಭಾವ, ‘ನಿವೃತ್ತನಾದೆ, ಇನ್ನು ಮೀನು ಹಿಡೀತೀನಿ’ ಅಂತ ತನ್ನ ಕಂಪನಿ ಮುಚ್ಚಿ, ಅದರ ದುಡ್ಡನ್ನೆಲ್ಲ ಕಡಿಮೆ ತೆರಿಗೆಯಲ್ಲಿ ಬಾಚಿಕೊಂಡಿದ್ದ. ಎಂಟೇ ತಿಂಗಳಿಗೆ ಹೆಂಡತಿ ಹೆಸರಲ್ಲಿ ಹೊಸ ಕಂಪನಿ ತೆರೆದು ಅದೇ ಕಾರ್ಖಾನೆಯ ಅದೇ ಕೆಲಸಕ್ಕೆ ಮರಳಿದ್ದ.

“ತೆರಿಗೆ ಉಳಿಸೋಕೆ ಮುಚ್ಚಿ, ಎರಡು ವರ್ಷದೊಳಗೆ ಅದೇ ಕಸುಬಿಗೆ ಬಂದ್ರೆ ಆ ದುಡ್ಡಿಗೆಲ್ಲ ಹೆಚ್ಚಿನ ದರದ ಆದಾಯ ತೆರಿಗೆ ಬೀಳತ್ತೆ ಅಂತ ಬಡ್ಕೊಂಡಿದ್ದೆನಲ್ರೀ! ಹೆಂಡ್ತಿ ಹೆಸರಾದ್ರೂ ಅಷ್ಟೇ!”

“ಯಾರಿಗೆ ಗೊತ್ತಾಗತ್ತೆ ಮೋರೀನ್?”

ಅವಳು ತನ್ನ ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು. ಸಹೋದ್ಯೋಗಿಗಳು ತಂದ ಸ್ವಾಗತದ ಕೇಕಿನ ಚಿತ್ರವನ್ನು ಅವನೇ ಜಗತ್ತಿಗೆಲ್ಲ ಹಂಚಿದ್ದ: ‘ಮರಳಿ ಬಂದೆ! ಅದೇ ಕುರ್ಚಿ, ಅದೇ ಕೆಲಸ!’

“ಕಳ್ಳನಾಗೋಕೂ ಒಂದು ಯೋಗ್ಯತೆ ಬೇಕು ಕಣ್ರೀ,” ಅಂದಳು.