ನ್ಯಾಮತಿಯ ಪಿಯಾನೊ

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದವನು ನಾನು. ಪಿಯಾನೊ ರಿಪೇರಿ ಮಾಡುವವನಿಗೆ ಪೆಟ್ಟಿಗೆಯೊಳಗಿನ ಪ್ರತಿ ಸದ್ದಿಗೂ ಕಾರಣ ಗೊತ್ತಿರುತ್ತದೆ. ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ, ನಡೆದದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನ್ಯಾಮತಿಯಿಂದ ಶಾರದಮ್ಮ ಎಂಬವರು ಕರೆಸಿದ್ದರು. ಅವರ ಅಣ್ಣ ಪರಮೇಶಪ್ಪ ದೂರದ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರಾಗಿದ್ದು, ನಿವೃತ್ತರಾದಾಗ ಅಲ್ಲಿನ ಹಳೆಯ ಪಿಯಾನೊವನ್ನು ಮನೆಗೆ ತಂದಿದ್ದರು. ಈಗ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು, ಮಾತು ಪೂರ್ತಿ ನಿಂತಿತ್ತು.

"ಹಳೇ ಶಿಷ್ಯೆ ಒಬ್ಬಾಕೆ ಬಂದು ನುಡಿಸ್ತೀನಿ ಅಂದಾಳೆ. ಅಣ್ಣ ಒಂದ್ಸಲ ಕೇಳ್ಲಿ. ತಂತಿ ಹಾಕಾಕೆ ಆಗ್ತೈತೇನ್ರಿ?" ಎಂದರು ಶಾರದಮ್ಮ.

ಪಿಯಾನೊದಲ್ಲಿ ತುಂಡಾಗಿದ್ದ ಕೆಲವು ತಂತಿಗಳ ಕೆಳತುದಿ ಸುಲಭವಾಗಿ ಕೈಗೆ ಸಿಗುವಂತಿರಲಿಲ್ಲ. ಮಂದ್ರಸ್ವರದ ದಪ್ಪ ತಂತಿಗಳು ಅವುಗಳ ಮೇಲೆ ಓರೆಯಾಗಿ ಹಾದುಹೋಗಿದ್ದವು. ಕೆಳಗಿನ ಹಲಗೆ ಬಿಚ್ಚಿ, ನೆಲದ ಮೇಲೆ ಮಲಗಿ, ದಪ್ಪ ತಂತಿಗಳ ಹಿಂದೆ ಕೈ ತೂರಿಸಿ ಹೊಸ ತಂತಿಯ ಕುಣಿಕೆಯನ್ನು ಮೊಳೆಗೆ ಸಿಕ್ಕಿಸಲು ತಡಕಾಡುತ್ತಿದ್ದೆ. ಹೊರಗೆ ಬಿರುಬಿಸಿಲ ಮಧ್ಯಾಹ್ನ.

"ಕೈ ತೆಗಿ."

ಗಂಡಸಿನ ದನಿ, ಮೇಷ್ಟ್ರು ಹುಡುಗರಿಗೆ ಹೇಳುವ ಹಾಗೆ. ಬೆಚ್ಚಿಬಿದ್ದು ಕೈ ಎಳೆದುಕೊಂಡು ಹಿಂದೆ ಸರಿದೆ. ಆ ಕ್ಷಣವೇ ದಪ್ಪ ತಂತಿಯೊಂದು ಕಡಿದು, ನನ್ನ ಮುಖವಿದ್ದ ಜಾಗಕ್ಕೆ ಚಾಟಿಯಂತೆ ಬೀಸಿತು. ಮರದಲ್ಲಿ ಆಳವಾದ ಗೀರು ಬಿತ್ತು. ಬೆಳಗ್ಗೆ ನೋಡಿದಾಗ ಆ ತಂತಿ ಗಟ್ಟಿಯಾಗಿಯೇ ಇತ್ತು.

ಪರಮೇಶಪ್ಪ ಮಲಗಿದ್ದ ಒಳಕೋಣೆಗೆ ಓಡಿದೆ. ಶಾರದಮ್ಮ ಗಂಜಿಯ ಬಟ್ಟಲು ಹಿಡಿದು ಅಣ್ಣನ ಪಕ್ಕ ನಿಂತಿದ್ದರು.

"ನಿಮಗೂ ಕೇಳಿಸಿತಾ?" ಎಂದೆ.

"ಕೇಳ್ತು ರೀ. ಅಣ್ಣಂದೇ ದನಿ. ಆದ್ರೆ ಅಣ್ಣ ತುಟಿ ಬಿಚ್ಚಿಲ್ಲ. ಬಾಯಾಗೆ ಗಂಜಿ ಹಂಗೇ ಐತೆ, ನೋಡ್ರಿ."

ಪರಮೇಶಪ್ಪನವರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ, ತೆರೆದ ಬಾಗಿಲಾಚೆ ಪಿಯಾನೊ ಇದ್ದ ಕಡೆ ದಿಟ್ಟಿಸುತ್ತಿದ್ದರು. ಆಮೇಲೆ ಅವರ ಕಣ್ಣು ಅಲ್ಲಿಂದ ಬಾಗಿಲಿಗೆ, ಬಾಗಿಲಿಂದ ಹಾಸಿಗೆಯ ಕಡೆಗೆ ನಿಧಾನವಾಗಿ ಸರಿಯಿತು, ಯಾರೋ ನಡೆದು ಬರುತ್ತಿರುವಂತೆ. ಶಾರದಮ್ಮ ಸೆರಗು ಬಿಗಿಹಿಡಿದು ಒಂದು ಬದಿಗೆ ಸರಿದು ನಿಂತರು.

ನಾನು ಸಲಕರಣೆಗಳನ್ನೂ ಎತ್ತಿಕೊಳ್ಳದೆ ಹೊರಟುಬಂದೆ. ಕೆಲಸ ಮುಗಿಸಲು ಮತ್ತೆ ಹೋಗಲಿಲ್ಲ. ಪರಮೇಶಪ್ಪ ಪಿಯಾನೊ ಕೇಳದೆಯೇ ತೀರಿಕೊಂಡರೆಂದು ಶಾರದಮ್ಮ ಮುಂದೊಂದು ದಿನ ಫೋನ್ ಮಾಡಿ ತಿಳಿಸಿದರು. ಅವತ್ತು ಯಾಕೆ ಪಕ್ಕಕ್ಕೆ ಸರಿದಿರಿ ಎಂದು ಕೇಳಿದೆ.

"ಗೊತ್ತಿಲ್ರಿ. ದಾರಿ ಬಿಡಬೇಕು ಅನ್ನಿಸ್ತು."

ಅವತ್ತು ಆ ಕೋಣೆಯಲ್ಲಿ ನಾನೂ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತಿದ್ದೆ.