ಇನ್ನೂರು ಬಂದರೆ ಸಾಲದು

ಚೆನ್ನೈನ ಪೆರಂಬೂರಿನ ವಿಷ್ಣುತೀರ್ಥರು ರೈಲ್ವೆ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾದರೂ ಪಾರ್ಸೆಲ್ ಕಳಿಸುವ ಚಟ ಬಿಟ್ಟಿಲ್ಲ. ಈಗ ತಾವೇ ಬರೆದ ಹತ್ತು ಸಾಲಿನ ಕಂಪ್ಯೂಟರ್ ಸ್ಕ್ರಿಪ್ಟಿನಿಂದ ಕನ್ನಡ ಸಂಘದ ಸದಸ್ಯರ ಹೆಸರುಗಳನ್ನು ದಿನಕ್ಕಿಷ್ಟರಂತೆ ಸಂಘದ ವೆಬ್ ಸರ್ವರಿಗೆ ಕಳಿಸುತ್ತಾರೆ. ಆ ಸರ್ವರ್ ‘ಎಲ್ಲ ಸರಿ’ ಎಂಬರ್ಥದ ‘ಇನ್ನೂರು’ ಅಂಕಿಯನ್ನು ಉತ್ತರವಾಗಿ ಕೊಟ್ಟರೆ ಸಾಮಾನು ಮುಟ್ಟಿತೆಂದು ಜಗತ್ತೆಲ್ಲ ನಂಬುತ್ತದೆ, ಇವರು ನಂಬುವುದಿಲ್ಲ. “ಬುಟ್ಟಿ ಮುಟ್ಟಿತು ಅಂದ್ರೆ ಹಣ್ಣು ಮುಟ್ಟಿತು ಅಂತ ಅರ್ಥವೇನಯ್ಯಾ?” ಎಂದು ಕಳಿಸಿದ್ದನ್ನೆಲ್ಲ ವಾಪಸು ತರಿಸಿ, ಕನ್ನಡ ಅಕ್ಷರಗಳು ಪ್ರಶ್ನೆಚಿಹ್ನೆಗಳಾಗಿಲ್ಲ ತಾನೇ ಎಂದು ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾರೆ, ಆ ದನಿಗೆ ಎಗ್ಮೋರಿನಿಂದ ಹೊರಟ ರೈಲೊಂದು ನಿಂತು ಹಾಜರಿ ಹೇಳಿತಂತೆ. ನಾಳೆ ಯಮನೇ ಕರೆದರೂ, ಅವನ ಪಟ್ಟಿಯಲ್ಲಿ ತಮ್ಮ ಹೆಸರು ಹೇಗೆ ಬಿದ್ದಿದೆ ಎಂದು ತರಿಸಿ ಓದದೆ ಹೊರಡುವ ಆಸಾಮಿಯಲ್ಲ. ಆದರೆ ಪರೀಕ್ಷೆಗೆಂದು ಮೊದಲು ಕಳಿಸುವುದು ಯಾವಾಗಲೂ ಒಂದೇ ಹೆಸರು, ಹೆಂಡತಿ ಕೌಸಲ್ಯಾ ಅವರದು. ತಮಿಳಿನಲ್ಲಿ ಔತ್ವದ ಗುರುತು ‘ಳ’ ಅಕ್ಷರದಂತೆಯೇ ಕಾಣುವುದರಿಂದ ‘ಕೌ’ ಅನ್ನು ‘ಕೆಳ’ ಎಂದೂ ಓದಬಹುದು. ಹಾಗಾಗಿ ಎಷ್ಟೋ ವರ್ಷಗಳಿಂದ ಈ ಊರಿನ ಕಂಪ್ಯೂಟರ್ ಚೀಟಿಗಳಲ್ಲೆಲ್ಲ ಆಕೆ ‘ಕೆಳಸಲ್ಯಾ’. “ಮನೆಕೆಲಸವೆಲ್ಲ ನಂದೇ ಅಂತ ಕಂಪ್ಯೂಟರಿಗೂ ಗೊತ್ತಾಗಿದೆ ಬಿಡಿ” ಎಂದು ಆಕೆ ನಗುತ್ತಾರೆ. ಊರನ್ನೆಲ್ಲ ನಗಿಸುವ ವಿಷ್ಣುತೀರ್ಥರಿಗೆ ಆ ಒಂದು ಮಾತಿಗೆ ಮಾತ್ರ ನಗು ಬರುವುದಿಲ್ಲ. ಇವತ್ತೂ ಅಡುಗೆಮನೆಯಿಂದ ಆಕೆ, “ಏನ್ರೀ, ಸರಿಯಾಗಿ ಬಂದ್ನಾ ನಾನು?” ಎಂದರು. ಪರದೆಗೆ ಮೂಗು ತಾಗಿಸಿ ಎರಡೆರಡು ಸಲ ಓದಿದ ವಿಷ್ಣುತೀರ್ಥರು, “ಔತ್ವ ಸಮೇತ ಬಂದಿದ್ದೀಯ ಕಣೇ” ಎಂದರು. ಉಳಿದ ಸದಸ್ಯರನ್ನು ಆಮೇಲೆಯೇ ರೈಲು ಹತ್ತಿಸಿದರು.