ಬಚ್ಚಲಿನ ಇರುವೆಗಳು

ಮದುವೆಯಾಗಿ ಇಡಗುಂದಿಗೆ ಬಂದ ಮರುವರ್ಷ, ತೊಂಬತ್ತರ ದಶಕದ ನಡುವೆ, ನಾನು ಬಸುರಿಯಾಗಿದ್ದೆ. ಒಂದು ಬೆಳಿಗ್ಗೆ ನಾನು ಮೂತ್ರಕ್ಕೆ ಹೋಗಿ ಬಂದ ಸ್ವಲ್ಪ ಹೊತ್ತಿಗೆ ಅತ್ತೆ ಬಚ್ಚಲಿನಿಂದ ಕರೆದರು. ನೀರು ಹೋಗುವ ಕಿಂಡಿಗೆ ಇರುವೆ ಮುತ್ತಿದ್ದವು.

“ಇದೆಂತದೇ? ನಿಂಗೆ ಮೊದ್ಲಿಂದನೂ ಸಕ್ಕರೆ ಕಾಯಿಲೆ ಇತ್ತಾ?”

“ಇಲ್ಲೆ ಅತ್ತೆ, ಯಂಗೆ ಎಂತದೂ ಇತ್ತಿಲ್ಲೆ.”

ಅವರು ನಂಬಲಿಲ್ಲ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ್ದಾರೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಅಂದಿನಿಂದ ನನ್ನ ಚಹಾಕ್ಕೆ ಬೆಲ್ಲ ಬೀಳಲಿಲ್ಲ. ನಾನು ಬಚ್ಚಲಿಂದ ಹೊರಬಂದರೆ ಹಿಂದೆಯೇ ಅವರು ಹೋಗಿ ಬಗ್ಗಿ ನೋಡುತ್ತಿದ್ದರು. ಒಂದು ಚೊಂಬು ನೀರು ಹೆಚ್ಚಿಗೆ ಸುರಿದರೆ ಅದಕ್ಕೂ ಅನುಮಾನ. ನನ್ನ ಗಂಡ ಪೇಟೆಗೆಂದು ಹೊರಟವರು ನನ್ನ ತವರೂರು ಮತ್ತಿಘಟ್ಟಕ್ಕೆ ಹೋಗಿ, ನನ್ನ ಅಪ್ಪನಿಗೆ ಸಕ್ಕರೆ ಕಾಯಿಲೆಯಿದೆಯೇ ಎಂದು ಅಕ್ಕಪಕ್ಕದವರಲ್ಲಿ ವಿಚಾರಿಸಿ ಬಂದಿದ್ದರು. ನನ್ನನ್ನು ನೋಡಲು ಬಂದ ತಾಯಿ ಅದನ್ನು ಹೇಳಿ ಕಣ್ಣೊರೆಸಿಕೊಂಡಳು. ಅವಳು ಹೋದ ಮೇಲೆ, ಅಪ್ಪ ನಿಜಕ್ಕೂ ಏನಾದರೂ ಮುಚ್ಚಿಟ್ಟಿದ್ದನೇ ಎಂದು ನನಗೇ ಅನ್ನಿಸತೊಡಗಿತು.

ಕೊನೆಗೆ ಅತ್ತೆ ನನ್ನನ್ನು ಶಿರಸಿಯ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದರು. ನನ್ನ ಮೂತ್ರ ಸೇರಿಸಿ ಕಾಯಿಸಿದಾಗ ಪರೀಕ್ಷೆಯ ನೀಲಿ ದ್ರಾವಣ ಹಸಿರಾಯಿತು. ಸಕ್ಕರೆ ಇತ್ತು. ಅತ್ತೆ ನನ್ನ ಕಡೆ ತಿರುಗಿ ನೋಡಿದ ನೋಟ ಈಗಲೂ ನೆನಪಿದೆ. ಡಾಕ್ಟರಮ್ಮ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಗ್ಲುಕೋಸ್ ನೀರು ಕುಡಿಸಿದ ಮೇಲೆ ಮತ್ತೆ ರಕ್ತ ತೆಗೆಸಿದರು.

“ರಕ್ತದಲ್ಲಿ ಸಕ್ಕರೆ ಸರಿಯಾಗೇ ಇದೆ,” ಎಂದರು. “ಬಸುರಿಯಾದಾಗ ಕಿಡ್ನಿ ಮೊದಲಿಗಿಂತ ತುಂಬಾ ಹೆಚ್ಚು ರಕ್ತ ಸೋಸುತ್ತೆ. ಸೋಸಿದ ಸಕ್ಕರೆಯನ್ನೆಲ್ಲ ವಾಪಸ್ ಎಳ್ಕೊಳ್ಳೋಕಾಗಲ್ಲ. ಒಂದಿಷ್ಟು ಮೂತ್ರದಲ್ಲಿ ಹೋಗುತ್ತೆ. ಇವಳಿಗೆ ಆಗಿರೋದು ಅದೇ.”

“ಹಂಗಾರೆ ಕಿಡ್ನಿ ಸೋರ್ತಾ ಇದ್ದಾ?” ಅತ್ತೆಗೆ ಹೊಸ ಅನುಮಾನ.

“ಸೋರ್ತಿಲ್ಲಮ್ಮ, ಹೆಚ್ಚು ಕೆಲಸ ಮಾಡ್ತಿದೆ. ಹೆರಿಗೆ ಆದ್ಮೇಲೆ ಸರಿಹೋಗುತ್ತೆ, ಆಗ ಇನ್ನೊಂದ್ಸಲ ನೋಡೋಣ.”

ಹೆರಿಗೆಯವರೆಗೂ ಅತ್ತೆ ಆ ಮಾತನ್ನು ಪೂರ್ತಿ ನಂಬಲಿಲ್ಲ. ಮಗಳು ಹುಟ್ಟಿ, ಬಾಣಂತನ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆವು. ನೀಲಿ ನೀಲಿಯಾಗಿಯೇ ಉಳಿಯಿತು.

ಮನೆಗೆ ಬಂದು ಗಂಡನನ್ನು ಕೇಳಿದೆ: “ಮತ್ತಿಘಟ್ಟಕ್ಕೆ ಹೋಗಿದ್ದು ಎಂತಕ್ಕೆ?”

“ಆಯಿ ಹೇಳ್ತು, ಅದ್ಕೆ ಹೋಗಿದ್ದಿ,” ಎಂದರು.

ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಅತ್ತೆ ತಲೆ ಎತ್ತಿದರು. “ಆನು ಹೇಳಿದ್ನಿಲ್ಲೆ. ನೀನು ಅಲ್ಲಿಗೆ ಹೋಗಿದ್ದು ಯಂಗೆ ಗೊತ್ತೇ ಇತ್ತಿಲ್ಲೆ.”

ಗಂಡ ಎದ್ದು ಅಂಗಳಕ್ಕೆ ಹೋದರು. ಅತ್ತೆಯ ಮೇಲಿನ ಸಿಟ್ಟು ನನಗೆ ಬೇಗ ಇಳಿಯಿತು. ಗಂಡನ ಮಾತನ್ನು ಮಾತ್ರ ಎಷ್ಟೋ ವರ್ಷ ಇನ್ನೊಬ್ಬರಲ್ಲಿ ಕೇಳಿಯೇ ನಂಬುತ್ತಿದ್ದೆ.